ಸೊಂಡಿಲಿದ್ದ ಬಸವನಹುಳು

ಸೊಲ್ಲಾಪುರದ ಹಲ್ಲಿನ ಡಾಕ್ಟರ್ ಪರಾಗರ ದವಾಖಾನೆಯಲ್ಲಿ ಪುತಳಾಬಾಯಿ ಆರು ವರ್ಷದಿಂದ ಕಸ ಹೊಡೆದು ನೆಲ ಒರೆಸುತ್ತಿದ್ದಳು. ದಿನಾ ಮುಂಜಾನೆ ಹೋಟಗಿಯಿಂದ ರೈಲಿಗೆ ಬರುವಳು. 1997ರಲ್ಲಿ ಪರಾಗ ಮುಂಬಯಿಯಿಂದ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ ತರಿಸಿ, ರೋಗಿಗಳು ಕೂಡ್ರುವ ಕೋಣೆಯಲ್ಲಿ ಇಡಿಸಿದರು. ಒಳಗೆ ಜೀವಂತ ಹವಳ, ನಾಲ್ಕು ಮೀನು. ಎರಡೇ ತಿಂಗಳಿಗೆ ಗಾಜಿಗೆಲ್ಲ ಪಾಚಿ ಹತ್ತಿತು. ಪಾಚಿ ತಿನ್ನಲೆಂದು ತಾವೇ ಮುಂಬಯಿಗೆ ಹೋಗಿ ಕಡಲಿನ ಬಸವನಹುಳು ತಂದರು. ಹತ್ತು ಸಣ್ಣವು, ಮಣ್ಣಿನ ಬಣ್ಣದವು. ಒಂದು ಮಾತ್ರ ಅಂಗೈಯಷ್ಟು ದೊಡ್ಡದು, ಬಿಳಿ ಚಿಪ್ಪಿನ ಮೇಲೆ ಕೇಸರಿ ಪಟ್ಟೆ.

"ಇದು ಬ್ಯಾಡ್ರಿ ಅಂದ ಅಂಗಡ್ಯಾಂವ," ಎಂದು ಪರಾಗ ಹೆಂಡತಿ ಗಾರ್ಗಿಗೆ ನಗುತ್ತ ಹೇಳಿದರು. "ಆದ್ರ ಚಂದ ನೋಡು ಇದರದು! ಬಿಟ್ಟು ಬರಾಕ ಮನಸಾಗಲಿಲ್ಲ."

ಸಣ್ಣವು ಗಾಜಿಗಂಟಿ ಪಾಚಿ ಕೆರೆಯುತ್ತಿದ್ದವು. ದೊಡ್ಡದು ಪಾಚಿ ಮುಟ್ಟಲೇ ಇಲ್ಲ. ಒಂದು ಮುಂಜಾನೆ ಗಾಜು ಒರೆಸುವಾಗ ಪುತಳಾಬಾಯಿ ಕಂಡಳು: ಅದು ಸಣ್ಣ ಹುಳುವೊಂದನ್ನು ಕೆಡವಿ, ಅದರ ಚಿಪ್ಪಿನ ಬಾಯೊಳಗೆ ತನ್ನ ಮೂತಿಯ ಉದ್ದನೆಯ ಸೊಂಡಿಲು ತೂರಿಸಿತ್ತು. ಸಂಜೆಗೆ ಚಿಪ್ಪು ಖಾಲಿ.

"ಸಾಹೇಬ್ರ, ಆ ದೊಡ್ಡದು ಉಳಿದವನ್ನ ತಿನ್ನಾಕತ್ತದ. ತಗದ್ಬಿಡ್ರಿ," ಎಂದಳು.

"ಸತ್ತದ್ದನ್ನ ತಿಂದಿರ್ಬೇಕು. ನೀ ಕಸಾ ನೋಡು ಬಾಯಿ," ಎಂದರು ಪರಾಗ.

ಮೂರು ವಾರದಲ್ಲಿ ಎಂಟು ಚಿಪ್ಪು ಖಾಲಿಯಾದವು. ಅರೆಬರೆ ತಿಂದು ಬಿಟ್ಟವು ಕಲ್ಲಿನ ಸಂದಿಯಲ್ಲಿ ಕೊಳೆತವು. ನೀರು ಕೆಟ್ಟು ಹವಳ ಮುದುಡಿತು. ಒಂದು ಸೋಮವಾರ ನಾಲ್ಕೂ ಮೀನು ತೇಲುತ್ತಿದ್ದವು. ಗಾರ್ಗಿ ಪುತಳಾಬಾಯಿಯ ಕೈ ಹಿಡಿದೆಳೆದು ಮೂಸಿದಳು.

"ಫಿನೈಲ್ ವಾಸ್ನಿ! ಇದೇ ಕೈ ನೀರಾಗ ಅದ್ದೀದಿ ನೀ!"

"ಇಲ್ರಿ ವೈನಿ, ಹೊರಗಿಂದಷ್ಟ ಒರಸ್ತೀನಿ. ಸಾಹೇಬ್ರಿಗೆ ಹೇಳಿದ್ದೆ, ಕೇಳ್ರಿ ಬೇಕಾದ್ರ."

ಪರಾಗ ತೊಟ್ಟಿಯ ಮೇಲೆ ಬಾಗಿ ಸತ್ತ ಮೀನು ಎತ್ತತೊಡಗಿದರು. "ನಾಳಿಂದ ಬರಬ್ಯಾಡ," ಎಂದಳು ಗಾರ್ಗಿ.

ಫಿನೈಲಿನ ಮಾತು ಕೇಳಿ ಆ ಓಣಿಯ ಇನ್ನೆರಡು ದವಾಖಾನೆಯವರೂ ಅವಳನ್ನು ಇಟ್ಟುಕೊಳ್ಳಲಿಲ್ಲ. ಕಡೆಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಟವೆಲಿನ ದಾರ ಕತ್ತರಿಸುವ ಕೆಲಸಕ್ಕೆ ಹತ್ತಿದಳು. ನಾಲ್ಕು ತಿಂಗಳ ಮೇಲೆ ರೈಲಿನಲ್ಲಿ ಹೋಟಗಿಯವಳೇ ಆದ ಪಿಂಕಿ ಸಿಕ್ಕಳು. ದವಾಖಾನೆಯಲ್ಲಿ ಈಗ ಅವಳೇ ಕಸ ಹೊಡೆಯುತ್ತಿದ್ದಳು.

"ಮಾವಶಿ, ಹೊಸಾ ಮೀನ ಬಂದಾವ. 'ಸೊಂಡಿಲಿನ ಹುಳಾ ಮಾಂಸಾ ತಿಂತದ, ಪಾಚಿಗೆ ಸಣ್ಣವೇ ಬೇಕು, ಅದನ್ನ ನಾನೇ ನೋಡಿ ಕಲ್ತೆ' ಅಂತ ಸಾಹೇಬ್ರು ಬಂದವರಿಗೆಲ್ಲ ಹೇಳ್ತಾರ."

"ಮತ್ತ ನನ್ನ ಫಿನೈಲ್ ಮಾತು?"

ಪಿಂಕಿ ತಲೆ ತಗ್ಗಿಸಿದಳು. "ವೈನಿ ಇನ್ನೂ ನೀನೇ ಕೊಂದಿ ಅಂತಾರ. ಸಾಹೇಬ್ರು ಸುಮ್ನಿರ್ತಾರ."

ಪುತಳಾಬಾಯಿ ಕಾರ್ಖಾನೆಗೆ ಹೋಗದೆ ನೇರ ದವಾಖಾನೆಗೆ ನಡೆದಳು. ಐದಾರು ರೋಗಿಗಳು ಕೂತಿದ್ದರು.

"ಸಾಹೇಬ್ರ, ಮೀನ ನಾ ಕೊಂದಿಲ್ಲಂತ ಈ ಮಂದಿ ಮುಂದ ಒಂದ್ ಮಾತು ಹೇಳ್ರಿ."

"ಹಳೇ ಮಾತು ಬಾಯಿ. ಈಗ್ಯಾಕ?"

"ನನಗ ಈ ಓಣ್ಯಾಗ ಯಾವ ದವಾಖಾನಿಯವರೂ ಕೆಲಸಾ ಕೊಡವಲ್ರು. ಅದಕ್ಕ."

ಪರಾಗ ಅವಳ ಹೆಗಲಿನಾಚೆ ನೋಡಿ, "ಮುಂದಿನವರು ಬರ್ರಿ," ಎಂದರು. ಒಬ್ಬ ಮುದುಕ ಕೆನ್ನೆ ಹಿಡಿದುಕೊಂಡು ಅವಳನ್ನು ದಾಟಿ ಒಳಗೆ ಹೋದ. ಬಾಗಿಲು ಮುಚ್ಚಿತು. ಅವಳು ಕಾರ್ಖಾನೆ ಮುಟ್ಟಿದಾಗ ಗೇಟು ಹಾಕಿತ್ತು. ಆ ದಿನದ ಪಾಳಿಯೂ ಹೋಯಿತು.