ಗಾಳಿಗೆ ಕಾದು ಕೊಂಡ ದೋಣಿ

ಹವಳದ ದಿಬ್ಬಗಳ ನಡುವೆ ಮುಳುಗಿ ಈಟಿಯಿಂದ ದೊಡ್ಡ ಸಿಗಡಿ ಹಿಡಿಯುವುದು ಬಾಡು ಎಂಬ ದ್ವೀಪದ ಮಿಲ್ಕಾಳ ಕಸುಬು. ಕಳೆದ ತಿಂಗಳು ನಡುಗಡಲಲ್ಲಿ ಅವಳ ಅಲ್ಯೂಮಿನಿಯಂ ದೋಣಿಯ ತಗಡು ಜೋಡಿಸಿದ ಮೊಳೆಗಳು, ರಿವೆಟ್ಟುಗಳು, ಸಡಿಲವಾಗಿ ನೀರು ನುಗ್ಗಿ, ಅವಳೂ ಎತ್ತಿ ಎಂಬ ಹೆಸರಿನ ನಾದಿನಿಯೂ ಐಸ್‌ಕ್ರೀಮ್ ಡಬ್ಬಿಯಲ್ಲಿ ನಾಲ್ಕು ಗಂಟೆ ನೀರು ಮೊಗೆದು ಹೊರಚೆಲ್ಲುತ್ತಾ ದಡ ಸೇರಿದ್ದರು. ಅಂದಿನಿಂದ ನಾದಿನಿ ದೋಣಿ ಹತ್ತಿರಲಿಲ್ಲ. ಅವಳು ಮತ್ತೆ ಹತ್ತುವಂಥ ದೋಣಿಯನ್ನೇ ತರುತ್ತೇನೆಂದು ಮಿಲ್ಕಾ ಹಟ ಹಿಡಿದಳು.

ಸೋದರಮಾವ ಕಪುವಾನನ್ನು ಕರೆದುಕೊಂಡು ಥರ್ಸ್‌ಡೇ ದ್ವೀಪದ ದೋಣಿ ಅಂಗಡಿಗೆ ಹೋದಳು. ಅಲ್ಲಿ ಎರಡು ದೋಣಿಗಳಿದ್ದವು. ಒಂದರ ತಳ ಚಪ್ಪಟೆ, ತಗಡು ತೆಳು. ಇನ್ನೊಂದು ದಪ್ಪ ತಗಡಿನದು, ತಳ ಚೂಪು, ಅಂಚೆಲ್ಲ ಬೆಸುಗೆ.

"ಚಪ್ಪಟೇದೇ ತಗೊಳ್ಳೇ. ಮಂಚದ ಹಾಗೆ ಅಲ್ಲಾಡದೇ ನಿಲ್ಲತ್ತೆ," ಎಂದ ಕಪುವಾ.

ಮಿಲ್ಕಾ ಅಂಗಾತ ಮಲಗಿ ಎರಡರ ಅಡಿಗೂ ತೆವಳಿದಳು. ಬೆಸುಗೆಯ ಮೇಲೆ ಉಗುರು ಎಳೆದಳು, ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟಳು.

"ನೀರಿಗಿಳಿಸಿ ನೋಡ್ತೀರಾ? ಇವತ್ತು ಕಡಲು ಕನ್ನಡಿ ಇದ್ದ ಹಾಗಿದೆ," ಎಂದ ಅಂಗಡಿಯ ಡಾರಿಲ್.

"ಅದಕ್ಕೇ ಬೇಡ. ಗಾಳಿ ಎದ್ದ ದಿನ ಬರ್ತೀನಿ."

"ಇವಳಿಗೆ ತಲೆ ಕೆಟ್ಟಿದೆ, ನೀವೇನೂ ಅಂದ್ಕೋಬೇಡಿ," ಎಂದು ಕಪುವಾ ನಕ್ಕ.

ನೆಂಟರ ಮನೆಯಲ್ಲಿ ನಾಲ್ಕು ದಿನ ಕಾದರು. ಐದನೆಯ ಬೆಳಿಗ್ಗೆ ಆಗ್ನೇಯದ ಗಾಳಿ ಉಬ್ಬರಕ್ಕೆ ಎದುರಾಗಿ ಬೀಸಿ, ಅಲೆಗಳು ಗೋಡೆಗಳಂತೆ ಎದ್ದವು. ಡಾರಿಲ್ ಗೊಣಗುತ್ತಲೇ ದೋಣಿಗಳನ್ನು ಇಳಿಸಿದ.

ಚಪ್ಪಟೆ ದೋಣಿ ಅಲೆಯಲೆಗೂ ದಡಾರನೆ ಬಡಿಯಿತು. ಕಪುವಾ ಸೊಂಟ ಹಿಡಿದುಕೊಂಡು, "ಅಯ್ಯೋ, ಸಾಕೇ ತಾಯಿ, ತಿರುಗಿಸು!" ಎಂದು ಕೂಗಿದ. ಚೂಪು ತಳದ್ದು ಅದೇ ಅಲೆಗಳನ್ನು ಸೀಳಿಕೊಂಡು ಓಡಿತು.

ಆದರೆ ಮಿಲ್ಕಾಳ ಪರೀಕ್ಷೆ ಮುಗಿದಿರಲಿಲ್ಲ. ದಡದ ಮರೆಗೆ ಬಂದು, ಮುಳುಗಿ ಎದ್ದಾಗಿನಂತೆ ನೀರಿನಿಂದಲೇ ಹತ್ತಿ ನೋಡಲು ಅವಳು ಧುಮುಕಿದಳು. ಚಪ್ಪಟೆ ದೋಣಿಯನ್ನು ಒಂದೇ ನೆಗೆತಕ್ಕೆ ಹತ್ತಿದಳು. ಚೂಪು ತಳದ್ದು ಅವಳ ಭಾರಕ್ಕೆ ವಾಲಿ ಮೂರು ಸಲ ಅವಳನ್ನು ನೀರಿಗೇ ತಳ್ಳಿತು.

"ನಾನು ಹೇಳ್ಲಿಲ್ವಾ?" ಎಂದ ಕಪುವಾ.

ಮಿಲ್ಕಾ ಉಪ್ಪುನೀರು ಉಗುಳಿದಳು. "ಹತ್ತೋಕೆ ಮೆಟ್ಟಿಲು ಮಾಡಿಸ್ಬಹುದು ಮಾವ. ಬಡಿಯೋ ತಳಕ್ಕೆ ಏನು ಮಾಡ್ಸೋದು?" ಡಾರಿಲ್‌ನತ್ತ ತಿರುಗಿದಳು: "ಹಿಂದುಗಡೆ ಎರಡು ಮೆಟ್ಟಿಲು ಬೆಸೆದು ಕೊಡಿ. ಅದನ್ನೂ ಹತ್ತಿ ನೋಡೇ ಒಯ್ಯೋದು."

ಮರುದಿನ ಮೆಟ್ಟಿಲು ಹತ್ತಿ ನೋಡಿದಳು, ಒಯ್ದಳು.

ಬಾಡುವಿನ ದಡದಲ್ಲಿ ನಾದಿನಿ ಎತ್ತಿ ಬಹಳ ಹೊತ್ತು ದೋಣಿಯ ಸುತ್ತ ಸುತ್ತಿದಳು. "ರಿವೆಟ್ಟು ಎಲ್ಲೇ?"

"ತಳದಲ್ಲಿ ಒಂದೂ ಇಲ್ಲ, ಎಲ್ಲ ಬೆಸುಗೆ. ಹುಡುಕಿ ನೋಡು."

ಅವಳು ನಿಜವಾಗಿಯೂ ಬಗ್ಗಿ ಹುಡುಕಿದಳು. ಆಮೇಲೆ ಲಂಗ ಮೇಲಕ್ಕೆ ಕಟ್ಟಿ, "ದಿಬ್ಬದ ತನಕ ಮಾತ್ರ," ಎಂದು ಹತ್ತಿ ಕುಳಿತಳು. ದಿಬ್ಬ ದಾಟಿದ ಮೇಲೂ ತಿರುಗಿಸು ಎನ್ನಲಿಲ್ಲ.