ರಟ್ಟು ಹರಿಯಬೇಕು, ಅಂಟು ಬಿಡಬಾರದು

ಬೆಳಗಿನ ಮಾತ್ರೆಯ ರಟ್ಟಿನ ಡಬ್ಬಿಯನ್ನು ಅಪ್ಪ ಮತ್ತೆ ಬಿಚ್ಚಿಟ್ಟಿದ್ದರು. ಬಿಚ್ಚಿಟ್ಟಿದ್ದರು ಎಂದರೆ ಮುಚ್ಚಳ ತೆಗೆದಿದ್ದರು ಎಂದಲ್ಲ. ಮೂಲೆಮೂಲೆಯನ್ನೂ ಉಗುರಿನಿಂದ ಎಬ್ಬಿಸಿ, ಸೀಳಿ, ಇಡೀ ಡಬ್ಬಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಅದರ ಮುಂದೆ ಗಂಭೀರವಾಗಿ ಕೂತಿದ್ದರು. ಮಾತ್ರೆಗಳು ನೆಲದ ಮೇಲೆ ಚೆಲ್ಲಾಡಿದ್ದವು. ಅಮ್ಮ ಮಂಡಿಯೂರಿ ಕುರ್ಚಿಯ ಕೆಳಗಿನಿಂದ ಒಂದೊಂದನ್ನೇ ಹೆಕ್ಕುತ್ತಿದ್ದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಅವತ್ತು ಯಾರ ಮೇಲೆ ರೇಗಬೇಕೆಂದೇ ತಿಳಿಯದೆ ನಾನೂ ಅಮ್ಮನ ಪಕ್ಕ ಕೂತು ಹೆಕ್ಕತೊಡಗಿದೆ.

ಅಮ್ಮನಿಗೆ ಮೊದಲಿನಿಂದಲೂ ಕಾಗದದ ಹುಚ್ಚು. ನಮ್ಮ ಮನೆಯ ಬಾಗಿಲು ದಾಟಿ ಬಂದ ಯಾವ ರಟ್ಟೂ ಹಾಗೇ ಕಸಕ್ಕೆ ಹೋದದ್ದಿಲ್ಲ. ಚಪ್ಪಲಿಯ ಡಬ್ಬ ಕಾಲುಚೀಲದ ಖಾನೆಯಾಗುತ್ತಿತ್ತು. ಹಳೇ ವಾರಪತ್ರಿಕೆಯ ಹಾಳೆಗಳು ಕಡ್ಡಿಯಂತೆ ಸುರುಳಿಯಾಗಿ ಬುಟ್ಟಿಯಾಗುತ್ತಿದ್ದವು. ದೀಪಕ್ಕೆ ಕಾಗದದ ಗೂಡು, ಗೋಡೆಗೆ ಕಾಗದದ ಹೂ, ಅಡುಗೆಮನೆಯ ಡ್ರಾಯರಿನೊಳಗೆ ಚಮಚಕ್ಕೊಂದು ಮನೆ, ಚಾಕುವಿಗೊಂದು ಮನೆ. ಅಪ್ಪ ಬುದ್ಧಿ ನೆಟ್ಟಗಿದ್ದ ಕಾಲದಲ್ಲಿ ಬಂದವರ ಮುಂದೆಲ್ಲ ಹೇಳುತ್ತಿದ್ದರು, ಈ ಮನೆಯಲ್ಲಿ ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ಇವಳು ನಮ್ಮನ್ನೂ ಮಡಿಚಿ ಯಾವುದಾದರೂ ಖಾನೆಗೆ ಹಾಕಿಬಿಡುತ್ತಾಳೆ ಎಂದು. ಅವರದೂ ಡಬ್ಬದ ಕೆಲಸವೇ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ನಿವೃತ್ತಿಯಾಗುವ ತನಕ ತಪಾಸಣೆಯ ಮೇಜಿನಲ್ಲಿದ್ದರು. ಬೀದಿಯವರೆಲ್ಲ ಅವರನ್ನು ಚೆಕ್ಕರ್ ಎಂದೇ ಕರೆಯುತ್ತಿದ್ದರು. ದಿನವಿಡೀ ಅಲ್ಲಿ ಡಬ್ಬ ನೋಡಿ ಮನೆಗೆ ಬಂದರೆ ಇಲ್ಲೂ ಡಬ್ಬವೇ ಎಂದು ಗೊಣಗುತ್ತಿದ್ದರೇ ಹೊರತು ಅಮ್ಮನ ಒಂದು ಡಬ್ಬಿಯನ್ನೂ ಅವರು ಮುಟ್ಟಿದ್ದಿಲ್ಲ.

ಮರೆವು ಶುರುವಾದ ಮೇಲೆ ಅಪ್ಪ ಒಂದು ದಿನ ಕಾರ್ಖಾನೆಗೆಂದು ಹೊರಟು ಬಸ್ ನಿಲ್ದಾಣದಲ್ಲಿ ಒಂಟಿ ಚಪ್ಪಲಿಯಲ್ಲಿ ಸಿಕ್ಕಿದರು. ಇನ್ನೊಂದು ದಿನ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿ ಸಂಜೆಯ ತನಕ ಏಳಲಿಲ್ಲ. ಊರಿನ ಆಚೆ ತುದಿಯಲ್ಲಿರುವ ಅಣ್ಣ ಓಡಿ ಬಂದು, ಇನ್ನೊಂದು ಸಲ ಹೀಗಾದರೆ ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದೇ ಸರಿ ಎಂದ. ಅವನು ಕೆಟ್ಟವನಲ್ಲ. ಡಾಕ್ಟರೂ ಅದನ್ನೇ ಹೇಳಿದ್ದರು. ಅಮ್ಮ ಮಾತ್ರ, ನಾನು ಬದುಕಿರುವ ತನಕ ಅವರು ಈ ಮನೆಯಲ್ಲೇ ಇರುತ್ತಾರೆ, ಅದಕ್ಕೆ ಏನು ಮಾಡಬೇಕೋ ನಾನು ಮಾಡುತ್ತೇನೆ ಎಂದಳು.

ಅವಳಿಗೆ ಮಾಡಲು ಬರುತ್ತಿದ್ದದ್ದು ಡಬ್ಬಿ. ಹಾಗಾಗಿ ಡಬ್ಬಿಯನ್ನೇ ಮಾಡಿದಳು. ಅಪ್ಪನಿಗೆ ಅಕ್ಷರ ಜಾರುತ್ತಿದ್ದರೂ ಬಣ್ಣ, ಚಿತ್ರ ಹಿಡಿತಕ್ಕೆ ಸಿಗುತ್ತಿದ್ದವು. ಬೆಳಗಿನ ಮಾತ್ರೆಗೆ ಸೂರ್ಯನ ಚಿತ್ರದ ಹಳದಿ ಡಬ್ಬಿ, ರಾತ್ರಿಯದಕ್ಕೆ ಚಂದ್ರನ ನೀಲಿ ಡಬ್ಬಿ. ಕನ್ನಡಕಕ್ಕೆ ಕನ್ನಡಕದ ಚಿತ್ರ, ಬಾಚಣಿಗೆಗೆ ಬಾಚಣಿಗೆಯ ಚಿತ್ರ. ಬಚ್ಚಲಿನ ಬಾಗಿಲಿಗೆ ಕಾಗದದ ನೀರಿನ ಹನಿಗಳ ತೋರಣ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಖಾಲಿ ಪೆಟ್ಟಿಗೆಗಳನ್ನು ಹೊತ್ತು ತಂದೆ. ಕೆಲವು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಅಪ್ಪ ತಾವೇ ಎದ್ದು ಹಳದಿ ಡಬ್ಬಿ ತೆರೆದು ಮಾತ್ರೆ ನುಂಗಿ, ಹೇಗೆ ಎನ್ನುವಂತೆ ನಮ್ಮನ್ನು ನೋಡುತ್ತಿದ್ದರು. ಅಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಮೇಲೆ ಈ ಬಿಚ್ಚುವುದು ಶುರುವಾಯಿತು.

ಅಪ್ಪನಿಗೆ ಸಿಟ್ಟು ಬಂದು ಹರಿಯುತ್ತಿದ್ದಾರೆಂದು ಅಮ್ಮ ಅಂದುಕೊಂಡಿದ್ದಳು. ಅಲ್ಲವೆಂದು ನನಗೆ ಗೊತ್ತಾಯಿತು. ಚಿಕ್ಕವಳಿದ್ದಾಗ ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಹೋಗುತ್ತಿದ್ದೆ. ಅಪ್ಪ ಮೇಜಿನ ಮುಂದೆ ನಿಂತು, ಬಂದ ಡಬ್ಬದ ಅಂಟಿಸಿದ ಅಂಚನ್ನು ಹೆಬ್ಬೆರಳಿನಿಂದ ಮೀಟಿ ಎಳೆಯುತ್ತಿದ್ದರು. ಎಳೆದಾಗ ರಟ್ಟಿನ ಮೈ ಕಿತ್ತುಕೊಂಡು ಬಂದರೆ ಅಂಟು ಗಟ್ಟಿ, ಡಬ್ಬ ಪಾಸು. ಅಂಚು ಸಲೀಸಾಗಿ ಬಿಟ್ಟುಕೊಂಡರೆ ಅಂಟು ಕಳಪೆ, ಡಬ್ಬ ಫೇಲು. ರಟ್ಟು ಹರಿಯಬೇಕು, ಅಂಟು ಬಿಡಬಾರದು, ಇದು ಅವರ ಮಂತ್ರವಾಗಿತ್ತು. ಈಗ ಮನೆಯಲ್ಲಿ ಅವರು ಮಾಡುತ್ತಿದ್ದದ್ದೂ ಅದೇ ಕೆಲಸ, ಅಷ್ಟೇ ಶ್ರದ್ಧೆಯಿಂದ. ಫೇಲಾದ ಡಬ್ಬಿಯನ್ನು ಕಿಟಕಿಯಿಂದ ಕೆಳಗೆ ಒಗೆಯುತ್ತಿದ್ದರು. ಪಾಸಾದದ್ದನ್ನು ಚಪ್ಪಟೆ ಮಾಡಿ ಮೇಜಿನ ಮೇಲೆ ಹಾಸುತ್ತಿದ್ದರು.

ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು ಅಮ್ಮನ ಪಾಡು. ಅಂಟು ತೆಳ್ಳಗೆ ಹಚ್ಚಿದರೆ ಡಬ್ಬಿ ಕಿಟಕಿಯಾಚೆ. ಗಟ್ಟಿಯಾಗಿ ಹಚ್ಚಿದರೆ ಡಬ್ಬಿ ಚೂರುಚೂರು. ಅಂಟೇ ಇಲ್ಲದೆ ಮಡಿಕೆಗೆ ಮಡಿಕೆ ಸಿಕ್ಕಿಸಿ ಮಾಡಿದಳು, ಅಪ್ಪ ಅದನ್ನು ತಿರುವಿ ತಿರುವಿ ನೋಡಿ, ಇದಕ್ಕೆ ಅಂಟು ಹಚ್ಚುವುದನ್ನೇ ಮರೆತಿದ್ದಾರೆ ಎಂದು ಬೇಸರಪಟ್ಟು ಒಗೆದರು. ಸೂಜಿ ದಾರದಿಂದ ಹೊಲಿದಳು, ದಾರ ಕಂಡದ್ದೇ ಅವರು ಗಾಬರಿಯಾಗಿ ಅದನ್ನು ದೂರ ತಳ್ಳಿದರು. ಪ್ಲಾಸ್ಟಿಕ್ ಡಬ್ಬಿಗಳನ್ನು ತಂದಿಟ್ಟೆ. ಅವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ, ಅವರಿಗೆ ಅವು ಡಬ್ಬಿಗಳೇ ಅಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಬಿಡು ಎಂದು ನಾನು ಅಮ್ಮನ ಮೇಲೆ ಕೂಗಾಡಿದೆ. ಅವಳು ಮತ್ತೆ ಅಂಟು ಕಲಸಿದಳು.

ಅಂಗಡಿಯಲ್ಲಿ ಕನ್ನಡಕದ ಗಾಜು ಒರೆಸುತ್ತಿದ್ದಾಗ ನನಗೆ ಥಟ್ಟನೆ ಹೊಳೆಯಿತು. ಕಾರ್ಖಾನೆಯಲ್ಲಿ ಅಪ್ಪ ಪ್ರತಿ ಡಬ್ಬವನ್ನೂ ಹರಿಯುತ್ತಿರಲಿಲ್ಲ. ಹರಿದಿದ್ದರೆ ಮಾಲೀಕ ಎಂದೋ ಬಾಗಿಲು ಮುಚ್ಚುತ್ತಿದ್ದ. ಒಂದು ಲಾಟಿಗೆ, ಎಂದರೆ ಒಟ್ಟಿಗೆ ತಯಾರಾದ ಒಂದೇ ಬಗೆಯ ರಾಶಿಗೆ, ಒಂದೇ ಡಬ್ಬ ತೆಗೆದು ನೋಡುತ್ತಿದ್ದರು. ಅದು ಪಾಸಾದರೆ ಇಡೀ ಲಾಟು ಪಾಸು. ನಮ್ಮ ಮನೆಯಲ್ಲಿ ಪ್ರತಿ ಡಬ್ಬಿಯೂ ಒಂಟಿ, ಬೇರೆ ಬಣ್ಣ, ಬೇರೆ ಚಿತ್ರ. ಅಂದರೆ ಅವರ ಲೆಕ್ಕಕ್ಕೆ ಒಂದೊಂದೂ ಒಂದು ಲಾಟು.

ಅಮ್ಮ ಸೂರ್ಯನ ಡಬ್ಬಿಗಳನ್ನು ಸಾಲಾಗಿ ಮಾಡಿಟ್ಟಳು, ಎಲ್ಲವೂ ಒಂದೇ ಅಚ್ಚು. ನಾವಿಬ್ಬರೂ ಅಡುಗೆಮನೆಯ ಬಾಗಿಲಿನಿಂದ ಇಣುಕಿ ನೋಡಿದೆವು. ಅಪ್ಪ ಸಾಲಿನ ಮುಂದೆ ನಿಂತರು. ನಡುವಿನಿಂದ ಒಂದನ್ನು ಎತ್ತಿದರು. ಮೂಲೆ ಮೀಟಿದರು, ಎಳೆದರು, ಹರಿದ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಉಳಿದವುಗಳ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದು ಕುರ್ಚಿಗೆ ಹೋಗಿ ಕೂತರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಎಷ್ಟು ದಿನಗಳ ಮೇಲೆ ಆ ಮನೆಯಲ್ಲಿ ನಕ್ಕೆವೋ. ಚಂದ್ರನದು, ಕನ್ನಡಕದ್ದು, ಬೀಗದ ಕೈಯದು, ಎಲ್ಲವನ್ನೂ ಅಮ್ಮ ಹಾಗೇ ಸಾಲಾಗಿ ಮಾಡಿ, ಗೀಟು ಬಿದ್ದವುಗಳಲ್ಲಿ ಸಾಮಾನು ತುಂಬಿಟ್ಟಳು. ಆ ಭಾನುವಾರ ಬಂದ ಅಣ್ಣ ಎಲ್ಲವನ್ನೂ ನೋಡಿ, ಅಮ್ಮನ ಬೆರಳಿಗೆ ಮೆತ್ತಿದ್ದ ಒಣ ಅಂಟನ್ನೂ ನೋಡಿ, ಸರಿ, ಸ್ವಲ್ಪ ದಿನ ತಡೆಯೋಣ ಎಂದು ಹೋದ.

ಪಾಸಾದ ಲಾಟು ಕಾರ್ಖಾನೆಯಲ್ಲಿ ಉಳಿಯುವುದಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಉಪಾಯ ಹೂಡಿದವಳಿಗೆ ಅದರ ಮುಂದಿನ ಮೆಟ್ಟಿಲು ಕಾಣಬೇಡವೇ. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೋದ ಮೇಲೆ, ಅಮ್ಮ ಬಟ್ಟೆ ಒಗೆಯುತ್ತಿದ್ದಾಗ, ಅಪ್ಪ ಪಾಸಾದ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಎದೆಗೆ ಅವಚಿಕೊಂಡು ಮೆಟ್ಟಿಲಿಳಿದು ಗೇಟಿನ ಹೊರಗೆ ಸಾಲಾಗಿ ಇಟ್ಟು ಬಂದಿದ್ದರು. ಲಾರಿ ಬರುತ್ತದೆಂದು. ಬಂದದ್ದು ಕಸದ ಗಾಡಿ. ಮಾತ್ರೆ, ಕನ್ನಡಕ, ಬೀಗದ ಕೈ, ಅಮ್ಮ ಖಾನೆ ಖಾನೆಯಾಗಿ ವಿಂಗಡಿಸಿದ್ದೆಲ್ಲ ಹೋಯಿತು. ಮಿಕ್ಕ ಖಾಲಿ ಡಬ್ಬಿಗಳನ್ನು ಎರಡನೆಯ ಸಲ ಹೊತ್ತುಕೊಂಡು ಇಳಿಯುವಾಗ ಅಪ್ಪನಿಗೆ ತಲೆ ಸುತ್ತಿ ಬಂತು. ಕೆಳಗಿನ ಮನೆಯ ದರ್ಜಿ ಹಿಡಿದುಕೊಳ್ಳದೆ ಇದ್ದಿದ್ದರೆ ತಲೆಯೇ ಒಡೆಯುತ್ತಿತ್ತು, ಆದರೂ ಹಣೆ ಗೋಡೆಗೆ ತಗುಲಿ ಗಾಯವಾಯಿತು. ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಪ್ಪ, ಸರಕು ಹೊತ್ತಿಗೆ ಸರಿಯಾಗಿ ಹೋಯಿತಲ್ಲ ಎಂದು ಸಮಾಧಾನದಿಂದ ನಿದ್ದೆಹೋದರು.

ಅಣ್ಣ ಈ ಸಲ ಕೂಗಾಡಲಿಲ್ಲ. ಅಮ್ಮನ ಪಕ್ಕ ಕೂತು, ಕೇಂದ್ರದವರು ಜಾಗ ಇದೆ ಅಂದಿದ್ದಾರೆ, ನೀನು ಹೂಂ ಅಂದ ದಿನ ಕರೆದುಕೊಂಡು ಹೋಗುತ್ತೇನೆ, ನೀನು ಅನ್ನದೆ ನಾನು ಮುಟ್ಟುವುದಿಲ್ಲ ಎಂದ. ಅಮ್ಮ ಹೂಂ ಅನ್ನಲಿಲ್ಲ.

ಅಂದಿನಿಂದ ಅವಳು ಡಬ್ಬಿಯಲ್ಲಿ ಏನನ್ನೂ ಇಡುವುದನ್ನು ಬಿಟ್ಟಳು. ಮಾತ್ರೆ, ಬೀಗದ ಕೈ ಎಲ್ಲ ಅವಳ ಸೊಂಟದ ಚೀಲಕ್ಕೆ ಬಂದವು. ಡಬ್ಬಿ ಮಾಡುವುದನ್ನು ಮಾತ್ರ ಬಿಡಲಿಲ್ಲ. ನೋಡಲು ಡಬ್ಬಿ ಇರುವ ತನಕ ಅಪ್ಪ ಕುರ್ಚಿ ಬಿಟ್ಟು ಏಳುವುದಿಲ್ಲ, ಬಾಗಿಲಿನ ಕಡೆ ಹೋಗುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು. ಲಾಟಿನ ಆಟ ಮುಗಿಯಿತು, ಈಗ ಒಂದು ಮಾಡುವುದು, ಒಂದು ಕೊಡುವುದು. ಮೇಜಿನ ಈ ತುದಿಯಲ್ಲಿ ಅಮ್ಮ ರಟ್ಟು ಕತ್ತರಿಸಿ, ಮಡಿಚಿ, ಅಂಟಿಸಿ ಮುಂದೆ ತಳ್ಳುತ್ತಿದ್ದಳು. ಆ ತುದಿಯಲ್ಲಿ ಅಪ್ಪ ಮೀಟಿ, ಎಳೆದು, ಹರಿದು ಪಕ್ಕಕ್ಕಿಡುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯ ತನಕ ಅದೇ. ದೀಪದ ಗೂಡುಗಳು ದೂಳು ಹಿಡಿದವು, ಗೋಡೆಯ ಹೂಗಳು ಮಾಸಿದವು. ಹರಿದ ರಟ್ಟನ್ನು ನಾನು ಚೀಲ ಚೀಲ ಹೊರಗೆ ಸಾಗಿಸುತ್ತಿದ್ದೆ, ಹೊಸ ರಟ್ಟನ್ನು ಹೊತ್ತು ತರುತ್ತಿದ್ದೆ. ಅಮ್ಮನ ಹೆಬ್ಬೆರಳಿನ ಬುಡ ಬಾತುಕೊಂಡಿತ್ತು. ಸಾಕು ಮಾಡು ಎಂದರೆ, ಇವತ್ತೊಂದು ದಿನ ಎನ್ನುತ್ತಿದ್ದಳು. ಅವಳನ್ನು ನೋಡಿ ನನಗೆ ಅಯ್ಯೋ ಅನ್ನಿಸುತ್ತಿತ್ತು, ಮರುಕ್ಷಣ ಅವಳ ಮೇಲೇ ಸಿಟ್ಟು ಬರುತ್ತಿತ್ತು, ಎರಡರಿಂದಲೂ ಮೂರುಕಾಸಿನ ಪ್ರಯೋಜನವಿರಲಿಲ್ಲ.

ಒಂದು ಸಂಜೆ ನಾನು ಬಂದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಪ್ಪ ಕೈಯಲ್ಲಿದ್ದ ಡಬ್ಬಿಯನ್ನು ಎಳೆದು ನೋಡಿ, ತಲೆದೂಗಿ, ಕುರ್ಚಿಯಿಂದ ಎದ್ದರು. ಮೇಜನ್ನು ಬಳಸಿ ಅಮ್ಮನ ಹತ್ತಿರ ಬಂದು ನಿಂತರು. ಮದುವೆಯಾದಾಗಿನಿಂದ ಅವರು ಅಮ್ಮನನ್ನು ಕರೆದದ್ದು ಏನೇ, ಬಾರೇ, ಎಲ್ಲಿದೀಯೇ ಎಂದೇ. ಅವತ್ತು ಎರಡೂ ಕೈ ಹಿಂದಕ್ಕೆ ಕಟ್ಟಿ, ತುಸು ಬಾಗಿ ಮಾತಾಡಿದರು.

"ನಿಮ್ಮ ಕೆಲಸ ಚೆನ್ನಾಗಿದೆ ಅಮ್ಮಾ. ಒಂದೂ ಫೇಲ್ ಇಲ್ಲ."

ಅಮ್ಮ ಕತ್ತರಿ ಹಿಡಿದ ಹಾಗೇ ತಲೆಯೆತ್ತಿದಳು.

"ಹೊತ್ತಾಯ್ತು, ಇವತ್ತಿಗೆ ಸಾಕು. ಮನೆಗೆ ಹೊರಡಿ. ನಿಮ್ಮ ಯಜಮಾನ್ರು ಕಾಯ್ತಾ ಇರ್ತಾರೆ."

ನಮ್ಮ ಯಜಮಾನರು ಇಲ್ಲೇ ಇದ್ದಾರಲ್ಲ ಎಂದು ಅಮ್ಮ ನಗುತ್ತಾ ಹೇಳಿದಳು. ಅಪ್ಪ ಕೋಣೆಯ ಸುತ್ತ ನೋಡಿದರು, ನನ್ನನ್ನೂ ನೋಡಿದರು, ಯಾರೂ ಇಲ್ಲ ಎಂದರು. ಅಪ್ಪಾ, ಇವಳು ಅಮ್ಮ, ನಿಮ್ಮ ಹೆಂಡತಿ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಅವರ ಮುಖ ಬಾಡಿತು. ಪರರ ಮನೆಯ ಹೆಂಗಸಿನ ಎದುರು ಇಂಥ ಮಾತೇ ಎನ್ನುವ ನಾಚಿಕೆ ಅದು. ಕೈ ಹಣೆಯ ಗಾಯದ ಕಡೆಗೆ ಹೋಗತೊಡಗಿತು. ಅಮ್ಮ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು. ಕತ್ತರಿ ಕೆಳಗಿಟ್ಟಳು. ಕೈಗಂಟಿದ್ದ ಅಂಟನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಆಯ್ತು ಸಾರ್, ಹೊರಡ್ತೀನಿ."

ಅಪ್ಪ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದರು. ಅವಳು ಹೊಸ್ತಿಲು ದಾಟುವ ತನಕ ಹಾಗೇ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿದರು.

"ನೀನೂ ಜೊತೆಗೆ ಹೋಗಮ್ಮ. ಅವರನ್ನ ಮನೆ ತನಕ ಬಿಟ್ಟು ಬಾ. ಕತ್ತಲಾಗುತ್ತೆ."

ಅಮ್ಮ ಬರಿಗಾಲಲ್ಲಿ ಹೋಗಿದ್ದಳು. ಅವಳ ಚಪ್ಪಲಿ ಎತ್ತಿಕೊಂಡು ನಾನು ಹೊರಗೆ ಕಾಲಿಟ್ಟೆ, ಒಂದೇ ಕ್ಷಣಕ್ಕೆಂದು. ಹಿಂದಿನಿಂದ ಬಾಗಿಲು ಮುಚ್ಚಿತು. ಒಳಗಿನ ಅಗುಳಿ ಬಿದ್ದ ಸದ್ದು ಕೇಳಿಸಿತು. ಬೀಗದ ಕೈ ಅಮ್ಮನ ಸೊಂಟದಲ್ಲೇ ಇತ್ತು, ಆದರೆ ಅಗುಳಿಗೆ ಹೊರಗಿನಿಂದ ಕೈಯಿಲ್ಲ. ನಾನು ಬಾಗಿಲು ಬಡಿದೆ. ಇವತ್ತಿನ ಕೆಲಸ ಮುಗೀತು, ನಾಳೆ ಬನ್ನಿ ಎಂದು ಅಪ್ಪ ಒಳಗಿನಿಂದ ಸೌಜನ್ಯವಾಗಿ ಹೇಳಿದರು. ಮತ್ತೆ ಬಡಿದೆ, ಅಪ್ಪಾ ಅಪ್ಪಾ ಎಂದು ಕರೆದೆ. ಒಳಗೆ ಕುರ್ಚಿ ಎಳೆದ ಸದ್ದು ಬಂತು, ಆಮೇಲೆ ಏನೂ ಇಲ್ಲ.

ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಚಪ್ಪಲಿ ಅವಳ ಕಾಲ ಹತ್ತಿರ ಇಟ್ಟೆ, ಅವಳು ಹಾಕಿಕೊಳ್ಳಲಿಲ್ಲ. ಏಳು, ದರ್ಜಿಯನ್ನು ಕರೆದು ಬಾಗಿಲು ಬಿಚ್ಚಿಸೋಣ ಎಂದೆ. ಅವಳು ಬಾತ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

"ಬೈದಿದ್ರೆ ತಡ್ಕೋತಿದ್ದೆ ಕಣೆ," ಎಂದಳು. "ಹೊಡೆದಿದ್ರೂ ತಡ್ಕೋತಿದ್ದೆ. ಮರ್ಯಾದೆ ಕೊಡ್ತಾರಲ್ಲ, ಅದನ್ನ ಹೇಗೆ ತಡ್ಕೊಳ್ಳಲಿ?"

ನಾನು ಅವಳ ಪಕ್ಕ ಕೂತೆ. ಕೆಳಗಿನಿಂದ ದರ್ಜಿಯ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅಣ್ಣನಿಗೆ ಫೋನ್ ಮಾಡು ಎಂದಳು ಅಮ್ಮ. ಏನು ಹೇಳಲಿ ಎಂದು ಕೇಳಿದೆ.

"ಹೂಂ ಅಂದ್ಳು ಅಂತ ಹೇಳು."

ಹೆಗಲಲ್ಲೇ ಇದ್ದ ಕೆಲಸದ ಚೀಲದಿಂದ ಫೋನ್ ತೆಗೆದು ಹಚ್ಚಿದೆ. ಅಣ್ಣ ಎತ್ತಿದವನೇ, ಏನಾಯಿತು, ಅಪ್ಪ ಎಲ್ಲಿ ಎಂದು ಗಾಬರಿಯಿಂದ ಕೇಳಿದ. ಅಪ್ಪ ಮನೆಯಲ್ಲೇ ಇದ್ದಾರೆ, ನಾವು ಹೊರಗಿದ್ದೇವೆ ಎಂದೆ.