ಟವೆಲ್ ಹಾಕುವ ಸರಳು

ಕಾರಿನ ಬಾಗಿಲು ಹಾಕಿಕೊಳ್ಳಲಿಲ್ಲ. ತಮ್ಮ ಇನ್ನೊಮ್ಮೆ ಮೆಲ್ಲಗೆ ತಳ್ಳಿ ನೋಡಿದ. ಬಾಗಿಲಿನ ಹಿಂದಿನ ಮೂಲೆ ಚೌಕಟ್ಟಿನ ಕಂಬಕ್ಕೆ ತಗುಲಿ ಟಕ್ಕೆಂದು ನಿಂತಿತು. ಮೂರು ವಾರ ಮೈಮುರಿದು ದುಡಿದು ಬಾಗಿಲ ಕೆಳಗೆ ಹೊಸ ಹೊಸ್ತಿಲು ಕೂರಿಸಿದ ಮೇಲೆ, ಗೋಡೆಗೆ ಒರಗಿಸಿಟ್ಟಿದ್ದ ಬಾಗಿಲನ್ನು ತಂದು ಅದರ ಜಾಗಕ್ಕೆ ಸಿಕ್ಕಿಸಿದರೆ ಅದು ಹೀಗೆ ಹಟ ಹಿಡಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಬಾಗಿಲಿಗೊಂದು ಒದೆ ಕೊಟ್ಟು, ಕಾರು ಮಾಡಿದವನ ವಂಶವನ್ನೆಲ್ಲ ನೆನೆದು, ಕೈ ತೊಳೆದುಕೊಂಡು ಊಟಕ್ಕೆ ಹೋಗುತ್ತಿದ್ದರು. ತಮ್ಮನಿಗೆ ಸಿಟ್ಟು ಕೂಡ ಬರಲಿಲ್ಲ. ನಾಲ್ಕು ತಿಂಗಳಿಂದ ಅವನಿಗೆ ಏನೂ ಬರುತ್ತಿರಲಿಲ್ಲ.

ಅಣ್ಣ ತೀರಿಕೊಂಡು ಅಷ್ಟೇ ದಿನವಾಗಿತ್ತು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಒಂದು ಬೆಳಿಗ್ಗೆ ಕೆಲಸದ ಚೀಲ ಹೆಗಲಿಗೇರಿಸಿಕೊಂಡು ಹೋಗಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತವನು ಬಸ್ಸು ಬಂದರೂ ಏಳಲಿಲ್ಲ. ತಮ್ಮನೇ ಓಡಿಹೋಗಿ, ಹಾಕಬೇಕಾದ ಕಡೆಯೆಲ್ಲ ಸಹಿ ಹಾಕಿ, ಹೇಳಬೇಕಾದವರಿಗೆಲ್ಲ ಫೋನ್ ಮಾಡಿ, ನಾಲ್ಕನೆಯ ದಿನ ಕೆಲಸಕ್ಕೆ ಹಾಜರಾದ. ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ತಯಾರಿಸುವುದು ಅವನ ಕಸುಬು. ದಿನವಿಡೀ ಬಾಯಿಲ್ಲದ ಹಲ್ಲುಗಳ ಎದುರು ಕೂರುವ ಕೆಲಸವಾದ್ದರಿಂದ ಯಾರ ಜೊತೆಗೂ ಮಾತಾಡುವ ತಾಪತ್ರಯವಿರಲಿಲ್ಲ. "ಗಟ್ಟಿ ಮನಸ್ಸಪ್ಪಾ ಇವನದು" ಎಂದು ನೆಂಟರು ಹೊಗಳಿದರು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿ ಮರಗಟ್ಟಿಸಿದ ದವಡೆಯೂ ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ನೆಂಟರಿಗೆ ಯಾರು ಬಿಡಿಸಿ ಹೇಳಬೇಕು.

ಕಾರು ಅಣ್ಣತಮ್ಮಂದಿರಿಬ್ಬರದು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಮುಂದೆ ಮಾರುದ್ದ ಮೂತಿ. ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ ಗಾಡಿಯಂತೆ. ಇವರ ಕೈಗೆ ಬಂದಾಗ ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಹನ್ನೊಂದು ವರ್ಷ, ಪ್ರತಿ ಭಾನುವಾರ, ತಮ್ಮನ ಮನೆಯ ಪಕ್ಕದ ಶೆಡ್ಡಿನಲ್ಲಿ ಇಬ್ಬರೂ ಅದನ್ನು ಬಿಚ್ಚಿದರು, ತೊಳೆದರು, ತಿಕ್ಕಿದರು, ಮತ್ತೆ ಕೂಡಿಸಿದರು. "ಇನ್ನೂ ಹೆರಿಗೆ ಆಗ್ಲಿಲ್ವಾ?" ಎಂದು ಬೀದಿಯವರು ಇಣುಕಿ ಕೇಳುವುದು ಮಾಮೂಲಾಗಿತ್ತು. ಅಣ್ಣ ಸಾಯುವ ಹೊತ್ತಿಗೆ ಎಂಜಿನ್ ಓಡುತ್ತಿತ್ತು, ಬ್ರೇಕ್ ಹಿಡಿಯುತ್ತಿತ್ತು. ಬಾಗಿಲ ಕೆಳಗೆ ಉದ್ದಕ್ಕೆ ಹಾಯುವ ತಗಡಿನ ತೊಲೆಯನ್ನು ಅವರು ಹೊಸ್ತಿಲು ಎನ್ನುತ್ತಿದ್ದರು. ಎಡಗಡೆಯ ಹೊಸ್ತಿಲನ್ನು ಅಣ್ಣ ಹೊಸದಾಗಿ ಕೂರಿಸಿದ್ದ. ಬಲಗಡೆಯದು ಮಾತ್ರ ತುಕ್ಕು ತಿಂದು, ಬೆರಳಿಟ್ಟರೆ ತೂತು ಬೀಳುವಂತಿತ್ತು.

ಅಣ್ಣ ಹೋಗಿ ಮೂರು ತಿಂಗಳಾದ ಮೇಲೆ ಅತ್ತಿಗೆ ಶೆಡ್ಡಿನ ಬೀಗದ ಕೈ ಹಿಂತಿರುಗಿಸಲು ಬಂದಿದ್ದಳು. ಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೋಗುವುದಾಗಿಯೂ, ಅಲ್ಲಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ನೋಡಿಕೊಂಡಿರುವುದಾಗಿಯೂ ಹೇಳಿದಳು. ಆಗ ತಮ್ಮನ ಬಾಯಿಂದ ತಾನಾಗಿ ಮಾತು ಉದುರಿತು. "ನೀವು ಹೋಗೋದ್ರೊಳಗೆ ಗಾಡಿ ರೆಡಿ ಮಾಡ್ತೀನಿ ಅತ್ತಿಗೆ. ನಿಮ್ಮನ್ನ ಕೂರಿಸ್ಕೊಂಡು ಒಂದು ಸುತ್ತು ಹಾಕ್ತೀನಿ." ಅತ್ತಿಗೆ ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಹ್ಞೂಂ, ಆಗ್ಲಿ" ಎಂದಿದ್ದಳು. ಅಂದಿನಿಂದ ಬೆಳಿಗ್ಗೆ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಒಂದು ಮಾತು. ಅತ್ತಿಗೆ ಹೊರಡುವುದು ಬರುವ ಭಾನುವಾರ. ಇವತ್ತು ಸೋಮವಾರ, ಬಾಗಿಲು ಹಾಕಿಕೊಳ್ಳುತ್ತಿಲ್ಲ.

ತಮ್ಮ ತನಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದ. ಹಲ್ಲಿನ ಸೆಟ್ಟು ಕಚ್ಚುವಾಗ ಎಲ್ಲಿ ಎತ್ತರವಾಗಿದೆ ಎಂದು ತಿಳಿಯಲು ನಡುವೆ ಒಂದು ನೀಲಿ ಕಾಗದ ಇಟ್ಟು ಕಚ್ಚಿಸುತ್ತಾರೆ; ಬಣ್ಣ ಹತ್ತಿದ ಕಡೆ ಉಜ್ಜಿದರೆ ಆಯಿತು. ಅವನು ಅದೇ ಕಾಗದವನ್ನು ಬಾಗಿಲಿಗೂ ಕಂಬಕ್ಕೂ ನಡುವೆ ಹಿಡಿದು ಬಾಗಿಲು ಒತ್ತಿದ. ಮೂಲೆಗೆ ನೀಲಿ ಬಣ್ಣ ಹತ್ತಿತು. ಅರದಿಂದ ಉಜ್ಜಿದ. ಮತ್ತೆ ಕಾಗದ, ಮತ್ತೆ ಬಣ್ಣ, ಮತ್ತೆ ಅರ. ಮಂಗಳವಾರವೂ ಇದೇ ಪಾರಾಯಣ. ಬುಧವಾರ ಸಂಜೆಯ ಹೊತ್ತಿಗೆ ಬಾಗಿಲಿನ ಮೂಲೆ ಸವೆದು ಬ್ಲೇಡಿನಷ್ಟು ತೆಳ್ಳಗಾಗಿತ್ತೇ ಹೊರತು ಬಾಗಿಲು ಜಪ್ಪಯ್ಯ ಅಂದರೂ ಹಾಕಿಕೊಳ್ಳಲಿಲ್ಲ. ಕೊನೆಗೆ ಎರಡು ಬೀದಿ ಆಚೆಯ ವೆಲ್ಡರನ್ನು ಕರೆದುಕೊಂಡು ಬಂದ.

ವೆಲ್ಡರ್ ಬಂದವನೇ ಬಾಗಿಲನ್ನು ಮುಟ್ಟಲೂ ಇಲ್ಲ. ಕಾರಿನ ಮುಂದಿನಿಂದ ಹಿಂದಿನವರೆಗೆ ಒಂದು ದಾರ ಎಳೆದು ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಹಲ್ಲು ಕಟ್ಟುವವನನ್ನು ಅವನು ಮೊದಲಿಂದಲೂ ಡಾಕ್ಟರೆಂದೇ ಕರೆಯುತ್ತಿದ್ದ.

"ಡಾಕ್ಟ್ರೇ, ನೀವು ಹಲ್ಲು ಸರಿಯಿಲ್ಲ ಅಂತ ಉಜ್ಜಿದೀರಿ. ಇಲ್ಲಿ ದವಡೆನೇ ಮುರಿದಿದೆ. ಗಾಡಿ ಮಧ್ಯಕ್ಕೆ ಎರಡು ಬೆರಳು ಕುಸಿದಿದೆ."

"ಹೊಸ್ತಿಲು ಗಟ್ಟಿಯಾಗೇ ಕೂರ್ಸಿದೀನಲ್ಲ."

"ಕೂರ್ಸಿರೋದು ಚೆನ್ನಾಗೇ ಇದೆ. ಆದ್ರೆ ಕುಸಿದ ಮೇಲೆ ಕೂರ್ಸಿದೀರಿ. ಚಾವಣಿ ಇಲ್ಲದ ಗಾಡಿಗೆ ಹೊಸ್ತಿಲೇ ಬೆನ್ನುಮೂಳೆ. ಹಳೇದನ್ನ ಕೊಯ್ಯೋ ಮುಂಚೆ, ಗಾಡಿ ಕುಸೀದ ಹಾಗೆ ಬಾಗಿಲ ಜಾಗಕ್ಕೆ ಅಡ್ಡವಾಗಿ ಒಂದು ಸರಳು ಬೆಸೆದಿರಬೇಕು. ಬೆಸೆದಿರ್ಲಿಲ್ವಾ?"

"ಸರಳು ಇತ್ತು," ತಮ್ಮ ಹೇಳಿದ. "ಅಣ್ಣ ಬೆಸೆದಿದ್ದ."

"ಎಲ್ಲಿ ಮತ್ತೆ?"

"ನಾನೇ ಕೊಯ್ದು ತೆಗೆದೆ. ಅದು ಟವೆಲ್ ಹಾಕೋದಕ್ಕೆ ಅಂದ್ಕೊಂಡಿದ್ದೆ."

ವೆಲ್ಡರ್ ನಗಲಿಲ್ಲ. ದಾರ ಸುತ್ತಿ ಜೇಬಿಗೆ ಹಾಕಿಕೊಂಡ. ಜ್ಯಾಕ್ ಕೊಟ್ಟು ಮಧ್ಯವನ್ನು ಎತ್ತಬೇಕು, ಹೊಸ ಹೊಸ್ತಿಲನ್ನು ಕೊಯ್ದು ತೆಗೆಯಬೇಕು, ಎಲ್ಲ ಮೊದಲಿಂದ ಆಗಬೇಕು, ಎರಡು ತಿಂಗಳಂತೂ ಹಿಡಿಯುತ್ತದೆ ಎಂದ. ಭಾನುವಾರ ಒಂದೇ ಒಂದು ಸುತ್ತು ಹೋಗಿಬರಬಹುದೇ ಎಂದು ತಮ್ಮ ಕೇಳಿದ. ವೆಲ್ಡರ್ ಬೇಡವೆಂದು ತಲೆಯಾಡಿಸಿದ. "ಹೀಗೇ ಓಡಿಸಿದ್ರೆ ಬೀದಿ ಮಧ್ಯದಲ್ಲಿ ಮುರ್ಕೊಂಡು ಕೂರುತ್ತೆ. ಪಕ್ಕದಲ್ಲಿ ಕೂತವರ ಗತಿ ಏನು?"

ಆ ಸರಳು, ಅಣ್ಣ ಎಡಗಡೆಯ ಕೆಲಸ ಮುಗಿಸಿದ ಮರುವಾರವೇ ಬಲಗಡೆಯ ಬಾಗಿಲ ಜಾಗಕ್ಕೆ ಬಂದು ಕೂತಿತ್ತು. ಅಣ್ಣ ಯಾಕೆಂದು ಹೇಳಲಿಲ್ಲ. ಬೆಸೆದು ಮುಗಿಸಿ, ಬೆವರು ಒರೆಸಿಕೊಂಡು, ಹೆಗಲ ಮೇಲಿನ ಹಸಿರು ಟವೆಲನ್ನು ಅದರ ಮೇಲೆ ಎಸೆದ. ಆಮೇಲೆ ಪ್ರತಿ ಭಾನುವಾರ ಟವೆಲ್ ಇರುತ್ತಿದ್ದದ್ದು ಅಲ್ಲೇ. ಅಣ್ಣ ಹೋದ ಮೇಲೂ ಅದು ಅಲ್ಲೇ ನೇತಾಡುತ್ತಿತ್ತು. ತಮ್ಮ ಒಂದು ವಾರ ಅದಕ್ಕೆ ಬೆನ್ನು ಮಾಡಿಕೊಂಡೇ ಕೆಲಸ ಮಾಡಿದ. ಆಮೇಲೆ ಟವೆಲ್ ತೆಗೆದು ಮಡಿಸಿ ಒಳಗಿಟ್ಟ. ಬರಿದಾದ ಸರಳು ಟವೆಲಿಗಿಂತಲೂ ಕಡೆಯಾಗಿ ಕಂಡಿತು. ಗರಗಸ ತಂದು ಎರಡೂ ತುದಿಗೆ ಕೊಯ್ದ. ಹತ್ತು ನಿಮಿಷದ ಕೆಲಸ.

ಗುರುವಾರ ಅತ್ತಿಗೆಯೇ ಬಂದಳು. ಪ್ಯಾಕಿಂಗ್ ಮುಗಿಸಿ ಬಂದವಳ ಕೈಬೆರಳಿಗೆ ಇನ್ನೂ ಅಂಟುಪಟ್ಟಿಯ ಚೂರು ಮೆತ್ತಿಕೊಂಡಿತ್ತು. ತಮ್ಮ ಎದ್ದು ನಿಂತ.

"ಅತ್ತಿಗೆ, ಭಾನುವಾರ ಆಗಲ್ಲ."

ಅವನು ಎಲ್ಲವನ್ನೂ ಒಪ್ಪಿಸಿದ. ಹೊಸ್ತಿಲು, ದಾರ, ಎರಡು ಬೆರಳು, ಸರಳು. ಬೇರೆ ಯಾರದೋ ಗಾಡಿಯ ಸಂಗತಿ ಹೇಳುವಂತೆ ಹೇಳಿದ. ಕೊನೆಗೆ, "ಟವೆಲ್ ನೋಡಕ್ಕಾಗ್ಲಿಲ್ಲ, ಅದಕ್ಕೆ ಕೊಯ್ದೆ" ಎಂದ. ನಿಮಗೆ ಕೊಟ್ಟ ಮಾತು ಹೋಯಿತು ಎಂದೂ ಹೇಳಿದ.

ಅತ್ತಿಗೆ ಕಾರಿನ ಸುತ್ತ ಒಂದು ಸಲ ನಡೆದು ಬಂದಳು.

"ಒಂದು ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಂಗೆ ಈ ಕಾರು ಕಂಡ್ರೆ ಆಗ್ತಿರ್ಲಿಲ್ಲ. ಸುತ್ತೂ ಬೇಕಾಗಿರ್ಲಿಲ್ಲ. ನಿನಗೊಂದು ಕೆಲಸ ಇರ್ಲಿ ಅಂತ ಹ್ಞೂಂ ಅಂದೆ."

ತಮ್ಮನಿಗೆ ನೋವಾಯಿತು. ಎಲ್ಲಿ, ಎಷ್ಟು ಎಂದು ಗೊತ್ತಾಗುವಂಥ ನೋವು. ಅವನು ಕಾರಿನ ಅಂಚು ಹಿಡಿದುಕೊಂಡ.

"ಮನೇಲಿ ನಿಮ್ಮಣ್ಣ ಬಾಯಿ ಬಿಡ್ತಿದ್ದದ್ದು ಊಟಕ್ಕೆ ಮಾತ್ರ," ಅತ್ತಿಗೆ ಹೇಳಿದಳು. "ಭಾನುವಾರ ಆದ್ರೆ ಎದ್ದೋ ಬಿದ್ದೋ ಇಲ್ಲಿಗೆ ಬರೋರು. ಇರೋ ಮಾತೆಲ್ಲ ತಮ್ಮನ ಹತ್ರಾನೇ ಖಾಲಿ ಮಾಡ್ಕೊಂಡು ಬರ್ತಾರೆ ಅಂತ ಹನ್ನೊಂದು ವರ್ಷ ಹೊಟ್ಟೆ ಉರ್ಕೊಂಡಿದೀನಿ. ಏನು ಮಾತಾಡ್ತಿದ್ರಿ ಇಬ್ರೂ? ಹೋಗೋ ಮುಂಚೆ ಅದನ್ನ ಕೇಳೋಣ ಅಂತ ಬಂದೆ."

ತಮ್ಮ ಯೋಚಿಸಿದ. ಕೊಡಲು ಏನಾದರೂ ಸಿಗುತ್ತದೆಯೇ ಎಂದು ಅಷ್ಟೂ ಭಾನುವಾರಗಳನ್ನು ತಡಕಾಡಿದ. ಸುಳ್ಳು ಹೇಳಬಹುದಿತ್ತು. ನಿಮ್ಮ ವಿಷಯವೇ ಹೇಳುತ್ತಿದ್ದ ಎಂದುಬಿಟ್ಟರೆ ಅತ್ತಿಗೆ ಸಮಾಧಾನದಿಂದ ರೈಲು ಹತ್ತುತ್ತಿದ್ದಳು. ಅವನಿಂದ ಆಗಲಿಲ್ಲ.

"ಏನೂ ಮಾತಾಡ್ತಿರ್ಲಿಲ್ಲ ಅತ್ತಿಗೆ."

"ಏನೂ ಅಂದ್ರೆ?"

"ಏನೂ ಇಲ್ಲ. ಸರಳು ಯಾಕೆ ಅಂತ ಕೂಡ ಅವನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

ಅತ್ತಿಗೆ ಗೋಡೆ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತಳು. ಹನ್ನೊಂದು ವರ್ಷ ತನಗೆ ಸಿಗದೆ ಹೋಯಿತೆಂದು ಕೊರಗಿದ್ದ ಮಾತು ಇಲ್ಲಿಯೂ ಇರಲಿಲ್ಲ. ಬೆರಳಿಗೆ ಮೆತ್ತಿದ್ದ ಅಂಟುಪಟ್ಟಿಯ ಚೂರನ್ನು ಕಿತ್ತು ಹಾಕಿದಳು.

"ಒಂದು ಮಾತೂ ಇಲ್ವಾ?" ಎಂದಳು ಕೊನೆಗೆ.

"ಕೆಲಸದ್ದು ಅಷ್ಟೇ. ನಾನು ಏನಾದ್ರೂ ಎತ್ತಿ ಕೊಡ್ತಿದ್ರೆ, ಹಿಡ್ಕೋ ಅನ್ನೋನು. ಇನ್ನೂ ಸ್ವಲ್ಪ ಅನ್ನೋನು. ಬೋಲ್ಟು ಕೂತ ಮೇಲೆ ಸಾಕು, ಬಿಡು ಅನ್ನೋನು."

"ಹೇಗೆ ಅನ್ನೋರು? ಅವರ ಹಾಗೇ ಹೇಳು."

ಅಣ್ಣತಮ್ಮಂದಿರ ಗಂಟಲು ಒಂದೇ. ಫೋನಿನಲ್ಲಿ ಅತ್ತಿಗೆ ಎಷ್ಟೋ ಸಲ ಮೋಸಹೋಗಿದ್ದಳು. ತಮ್ಮ ಕಾರಿನ ಕಡೆ ತಿರುಗಿ ನಿಂತ.

"ಹಿಡ್ಕೋ," ಎಂದ. ಅದು ಅಣ್ಣನ ದನಿಯಾಗಿತ್ತು, ಅವನ ಕಿವಿಗೂ. "ಇನ್ನೂ ಸ್ವಲ್ಪ."

ಮುಂದಿನದು ಬರಲಿಲ್ಲ. ಬಾಯಿ ತೆರೆದ, ಮಾತಿನ ಬದಲು ಅಳು ಬಂತು. ನಾಲ್ಕು ತಿಂಗಳು ತಡವಾಗಿ ಬಂದ ಅಳು ಒಂದೇ ಸಮನೆ ಬಂತು. ಅವನು ಮುಖ ಮುಚ್ಚಿಕೊಳ್ಳಲೂ ಇಲ್ಲ. ಅಳುತ್ತಲೇ, ಬಾಕಿ ಉಳಿದದ್ದನ್ನು ಮುಗಿಸಲು ಹೊರಟವನಂತೆ, "ಸಾಕು..." ಎಂದು ಶುರು ಮಾಡಿದ.

"ಅದು ಬೇಡ," ಎಂದಳು ಅತ್ತಿಗೆ. ಅವಳ ದನಿಯೂ ನೆಟ್ಟಗಿರಲಿಲ್ಲ. "ಮೊದಲಿನದು ಇನ್ನೊಂದ್ಸಲ ಹೇಳು."

ತಮ್ಮ ಇನ್ನೊಂದು ಸಲ ಹೇಳಿದ.